ತಾಪಮಾನ ಏರಿಕೆ: ಮಲಪ್ರಭೆ ದಂಡೆಯ ಟಿಪ್ಪಣಿ

ಪರೀಕ್ಷೆಯಲ್ಲಿ ತಾಪಮಾನ ಏರಿಕೆಯ ಪ್ರಶ್ನೆ ಬಂದರೆ, ಬಾಗಲಕೋಟೆ ಜಿಲ್ಲೆಯ ಅಭ್ಯರ್ಥಿ ಉದಾಹರಣೆಗಾಗಿ ಹಿಮಾಲಯದವರೆಗೆ ಹೋಗಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ, ಬಾದಾಮಿ ಸಮೀಪದ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತ್ತು. ಒಂದೇ ನೆರೆಯನ್ನು ತಾಪಮಾನದ ತಲೆಗೆ ಕಟ್ಟಲಾಗದು. ಆದರೆ 1 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು, ಮಳೆ ಸುರಿದರೆ ಬಿರುಸು. ಹುನಗುಂದ, ಇಳಕಲ್ ಕಡೆಯ ಎರೆಹೊಲದ ಹಿಂಗಾರಿ ಜೋಳಕ್ಕೆ ಕಾಟ ಬೇರೆ: ಮಣ್ಣಿನ ತೇವ ಬೇಗ ಆರುತ್ತದೆ.

ಬಹಳ ಜನ ಎಡವುವುದು ಓಝೋನ್‌ನಲ್ಲಿ. ಭೂಮಿ ಬಿಸಿಯೇರಲು ಮುಖ್ಯ ಕಾರಣ ಓಝೋನ್ ರಂಧ್ರವಲ್ಲ. ಕಾರ್ಬನ್ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್‌ನಂಥ ಹಸಿರುಮನೆ ಅನಿಲಗಳು. ಓಝೋನ್‌ಗೆ ಮಾಂಟ್ರಿಯಲ್ ಒಪ್ಪಂದ, 1987 (ಪಟ್ಟದಕಲ್ಲು ಯುನೆಸ್ಕೊ ಪಟ್ಟಿ ಸೇರಿದ್ದೂ ಅದೇ ವರ್ಷ, ಇನ್ನು ಮರೆಯಲಾರಿರಿ). ತಾಪಮಾನಕ್ಕೆ ಕ್ಯೋಟೊ 1997, ಪ್ಯಾರಿಸ್ 2015.