ತಂಪಿನ ಹಾಸಿಗೆಗೆ ತೆರುವ ಬೆಲೆ

ಬಣ್ಣಾರಿ ಅಮ್ಮನ ಗುಡಿಯನ್ನು ಹಿಂದಿಟ್ಟು ಚಾಮರಾಜನಗರದ ಕಡೆಗೆ ಏರುವ ಹೆದ್ದಾರಿಯು 27 ಕಡಿದಾದ ತಿರುವುಗಳನ್ನು ಸುತ್ತಿ ದಿಂಬಂ ತಲಪುವಷ್ಟರಲ್ಲಿ ಪ್ರಯಾಣಿಕನು ಸಮುದ್ರಮಟ್ಟಕ್ಕಿಂತ ಸುಮಾರು 1,100 ಮೀಟರು ಎತ್ತರದ ನೆಲದಲ್ಲಿ ನಿಂತಿರುತ್ತಾನೆ. ಬಯಲಿನಲ್ಲಿ ಬೆವರಿ ಮೈಗಂಟಿದ್ದ ಅಂಗಿಯು ಅಲ್ಲಿನ ಗಾಳಿಗೆ ಒಣಗತೊಡಗಿರುತ್ತದೆ. ಸಾವಿರ ಮೀಟರು ಏರಿದರೆ ವಾಯುವಿನ ಉಷ್ಣತೆಯು ಸಾಮಾನ್ಯವಾಗಿ ಆರು ಡಿಗ್ರಿಯಷ್ಟು ಇಳಿಯುವುದೆಂಬ ನಿಯಮವನ್ನು ನಮ್ಮ ತಾಳವಾಡಿ ಸೀಮೆಯ ಮಕ್ಕಳು ಪುಸ್ತಕ ತೆರೆಯುವ ಮುನ್ನವೇ ಬಸ್ಸಿನ ಕಿಟಕಿಯಲ್ಲಿ ಕಲಿತಿರುತ್ತಾರೆ. ಇಲ್ಲಿಯ ಜನಕ್ಕೆ ಹಾಸಿಗೆಯೆಂದರೆ ಚಳಿಯನ್ನು ತಡೆಯುವ ಸಾಧನ. ಮೈಯ ಉಷ್ಣವನ್ನು ಹೊರಗೆ ಕಳುಹುವ ಹಾಸಿಗೆಯೊಂದಕ್ಕೆ ಇಪ್ಪತ್ತು ಮೂವತ್ತು ಸಾವಿರ ರೂಪಾಯಿ ತೆರುವ ಪ್ರಸಂಗವು ನಮ್ಮ ಹಿರಿಯರ ಕಲ್ಪನೆಗೂ ಬಂದಿರಲಾರದು. ಆದರೆ ಮಕ್ಕಳ ವಿದ್ಯಾಭ್ಯಾಸದ ನಿಮಿತ್ತ, ಚಾಕರಿಯ ನಿಮಿತ್ತ ಬೆಟ್ಟವಿಳಿದು ಸತ್ಯಮಂಗಲದಲ್ಲಿಯೋ ಗೋಬಿಚೆಟ್ಟಿಪಾಳ್ಯದಲ್ಲಿಯೋ ಬಾಡಿಗೆಯ ಮನೆ ಹಿಡಿದ ಸಂಸಾರಗಳು ಈಗ ಹಲವು, ನಮ್ಮದೂ ಅವುಗಳಲ್ಲೊಂದು.

ದಿಂಬಂನ ಹಂಚಿನ ಮನೆಯಿಂದ ಸತ್ಯಮಂಗಲದ ತಾರಸಿ ಮನೆಗೆ ನಾವು ತಂದ ಸಾಮಾನುಗಳಲ್ಲಿ ತೆಂಗಿನ ನಾರಿನ ಹಾಸಿಗೆಯೂ ಒಂದು. ಬೇಸಗೆ ಬಲಿಯುತ್ತಲೇ ನನ್ನ ಮನೆಯವರಿಗೆ ನಿದ್ರೆ ದೂರವಾಯಿತು. ನಡುರಾತ್ರಿಯಲ್ಲಿ ಮೈಯೆಲ್ಲ ಬೆವೆತು ಎದ್ದು ಕುಳಿತುಕೊಳ್ಳುವರು. ಸೆರಗಿನಿಂದ ಕತ್ತು ಒರಸಿಕೊಂಡು ಕಿಟಕಿಯ ಬಳಿ ಹೋಗಿ ನಿಲ್ಲುವರು. ಮಾರುಕಟ್ಟೆಗೆ ಹೋಗುವ ಮುನ್ನ ನಾವು ವೈದ್ಯರಲ್ಲಿಗೆ ಹೋದೆವು. ಯಾರೇ ಆಗಲಿ ಮೊದಲು ಅಲ್ಲಿಗೇ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಥೈರಾಯ್ಡ್ ಗ್ರಂಥಿಯು ಅತಿಯಾಗಿ ಕೆಲಸ ಮಾಡಿದರೂ ರಾತ್ರಿ ಬೆವರುವುದುಂಟು, ಕೆಲವು ಔಷಧಗಳಿಂದಲೂ ಉಂಟು, ಋತುಬಂಧದ ವಯಸ್ಸಿನಲ್ಲಿ ಹಠಾತ್ತನೆ ಮೈಬಿಸಿಯೇರುವುದಂತೂ ಅಸಂಖ್ಯ ಸ್ತ್ರೀಯರ ಅನುಭವ. ಇವುಗಳಿಗೆ ಹಾಸಿಗೆಯಂಗಡಿಯಲ್ಲಿ ಚಿಕಿತ್ಸೆಯಿಲ್ಲ. ಮನೆಯವರದು ವಯೋಸಹಜವಾದುದೆಂದು ತಿಳಿದು ಮನಸ್ಸು ನಿರಾಳವಾದ ಮೇಲೆ ಒಂದು ಸಂಜೆ ಅವರೇ, “ಮೇಲ್ಗಡೆ ಮನೇಲೂ ಇದೇ ಹಾಸ್ಗೆ ಮೇಲೆ ತಾನೆ ಕಣ್ರೀ ಮಲಗ್ತಿದ್ದುದು? ಅಲ್ಲಿದ್ದಾಗ ಇಷ್ಟು ಬೇಯ್ತಿರ್ಲಿಲ್ವಲ್ಲ” ಎಂದರು. ಆ ಮಾತಿನಿಂದ ನನ್ನ ವಿಚಾರವು ಸರಿಯಾದ ಜಾಡಿಗೆ ಬಿದ್ದಿತು.

ನಿದ್ರಿಸುತ್ತಿರುವ ವಯಸ್ಕ ಮನುಷ್ಯನ ದೇಹವು ಸುಮಾರು 70ರಿಂದ 80 ವಾಟ್‌ನಷ್ಟು ಉಷ್ಣವನ್ನು ಎಡೆಬಿಡದೆ ಹೊರಗೆ ಬಿಡುತ್ತಿರಬೇಕು. ನಿದ್ರೆ ಹತ್ತುವ ಹೊತ್ತಿಗೆ ದೇಹದ ಒಳಗಿನ ಉಷ್ಣತೆಯು ಸ್ವಲ್ಪ ಇಳಿಯಬೇಕೆಂಬುದು ಶರೀರಧರ್ಮ. ಚರ್ಮದ ಉಷ್ಣತೆ 33–34 ಡಿಗ್ರಿ ಎಂದಿಟ್ಟುಕೊಳ್ಳೋಣ. ದಿಂಬಂನ ಕೋಣೆಯಲ್ಲಿ ರಾತ್ರಿ 22 ಡಿಗ್ರಿಯಿದ್ದರೆ ದೇಹಕ್ಕೂ ವಾಯುವಿಗೂ ನಡುವೆ ಹನ್ನೆರಡು ಡಿಗ್ರಿಯಷ್ಟು ಅಂತರವಿರುತ್ತದೆ. ಹಾಸಿಗೆಯು ಬೆನ್ನ ಕೆಳಗೆ ಎಷ್ಟೇ ಶಾಖವನ್ನು ಹಿಡಿದಿಟ್ಟರೂ ದೇಹದ ಉಳಿದ ಭಾಗವು ಲೀಲಾಜಾಲವಾಗಿ ಉಷ್ಣವನ್ನು ಕಳೆದುಕೊಳ್ಳುತ್ತದೆ. ಸತ್ಯಮಂಗಲದ ಏಪ್ರಿಲ್ ತಿಂಗಳಲ್ಲಿ, ಹಗಲೆಲ್ಲ ಕಾದ ಕಾಂಕ್ರೀಟು ತಾರಸಿಯು ನಡುರಾತ್ರಿಯವರೆಗೂ ಶಾಖವನ್ನು ಕೆಳಗೆ ಬಿಡುತ್ತಿರುವ ಕೋಣೆಯಲ್ಲಿ ಉಷ್ಣತೆಯು 31 ಡಿಗ್ರಿಯಿದ್ದರೆ, ಅಂತರವು ಎರಡು ಮೂರು ಡಿಗ್ರಿಗೆ ಇಳಿಯುತ್ತದೆ. ಆಗ ದೇಹಕ್ಕೆ ಉಳಿಯುವ ಮುಖ್ಯ ಮಾರ್ಗವೆಂದರೆ ಬೆವರು ಆರುವುದೊಂದೇ. ಬೆನ್ನಿಗಂಟಿದ ಹಾಸಿಗೆಯು ಗಾಳಿಯಾಡಗೊಡದಿದ್ದರೆ ಆ ಮಾರ್ಗವೂ ಮುಚ್ಚಿಹೋಗುತ್ತದೆ. ವಿದ್ಯುತ್ತಿನ ಸಹಾಯವಿಲ್ಲದ ಯಾವ ಹಾಸಿಗೆಯೂ ತಂಪನ್ನು ಉತ್ಪಾದಿಸಲಾರದು. ಉಷ್ಣವು ಹೊರಗೆ ಹೋಗುವ ದಾರಿಯನ್ನು ಅದು ತೆರೆದಿಡಬಲ್ಲುದು ಅಥವಾ ಮುಚ್ಚಬಲ್ಲುದು, ಅಷ್ಟೆ. ಕೊಳ್ಳುವವನು ಹಣ ತೆರಬೇಕಾದುದು ಆ ದಾರಿಗೇ ಹೊರತು ಹೊದಿಕೆಯ ಮೇಲೆ ಅಚ್ಚೊತ್ತಿದ ಹಿಮದ ಹರಳುಗಳಿಗಲ್ಲ.

ಈ ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಯಮತ್ತೂರಿನ ಅಂಗಡಿಗಳನ್ನು ಹೊಕ್ಕೆವು. ಒಂದು ಕಡೆ ಮಾರಾಟದ ಯುವಕನು ನೀಲಿಯ ಜೆಲ್ ಪದರವಿದ್ದ ಹಾಸಿಗೆಯ ಮೇಲೆ ನಮ್ಮ ಅಂಗೈಗಳನ್ನು ಇರಿಸಿ ತಂಪಾಗಿದೆಯೆಂಬುದನ್ನು ತೋರಿಸಿದನು. ತಂಪಾಗಿಯೇ ಇದ್ದಿತು. ಆದರೆ ಅಂಗೈಯನ್ನು ಅಲ್ಲಿಯೇ ಬಿಟ್ಟು ಅವನೊಡನೆ ದರದ ವಿಚಾರ ಮಾತಾಡುತ್ತಿದ್ದಂತೆ ಆ ತಂಪು ಅಡಗಿಹೋಯಿತು. ಅವನಾಡಿದುದು ಸುಳ್ಳಲ್ಲ; ವಸ್ತುವಿನ ಸ್ವಭಾವವೇ ಅಂಥದು. ಜೆಲ್ ಆಗಲಿ, ಮೈಶಾಖಕ್ಕೆ ಕರಗಿ ಉಷ್ಣವನ್ನು ಹೀರುವ ಮೇಣದಂಥ ಕಣಗಳಾಗಲಿ ಒಂದು ಮಿತಿಯವರೆಗೆ ಶಾಖವನ್ನು ನುಂಗುತ್ತವೆ; ಮಿತಿ ತುಂಬಿದ ಮೇಲೆ ಅವು ಹೀರಿದುದನ್ನು ಹೊರಗೆ ಬಿಡುವವರೆಗೆ ನಿಷ್ಪ್ರಯೋಜಕ. ನಿದ್ರೆ ಬೇಗ ಬಂದು ಮತ್ತೆ ಎಚ್ಚರವಾಗದವರಿಗೆ ಮೊದಲ ಅರ್ಧಗಂಟೆಯ ಆ ತಂಪೇ ಸಾಕಾಗಬಹುದು. ಎರಡು ಗಂಟೆಯ ಜಾವದಲ್ಲಿ ಬೆವೆತು ಏಳುವವರಿಗೆ ಅದರಿಂದಾಗುವ ಉಪಕಾರ ಅತ್ಯಲ್ಪ.

ಮೆಮೊರಿ ಫೋಮಿನ ವಿಚಾರವನ್ನೂ ತಿಳಿದಿರುವುದು ಒಳ್ಳೆಯದು. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಚಾರ್ಲ್ಸ್ ಯೋಸ್ಟ್ ಎಂಬಾತನು ವಿಮಾನದ ಆಸನಗಳಲ್ಲಿ ಆಘಾತವನ್ನು ತಗ್ಗಿಸುವ ಉದ್ದೇಶದಿಂದ ರೂಪಿಸಿದ ವಸ್ತುವದು. ಮೈಯ ಶಾಖಕ್ಕೆ ಮೆತ್ತಗಾಗಿ, ಅಂಗಾಂಗಗಳ ಆಕಾರವನ್ನು ತಳೆದು, ಭಾರವನ್ನು ಎಲ್ಲೆಡೆಗೂ ಹಂಚುವುದು ಅದರ ಗುಣ. ಬೆನ್ನುನೋವಿನವರಿಗೆ ಅದು ಹಿತವಾಗುವುದೂ ಅದರಿಂದಲೇ, ಸೆಕೆಯವರಿಗೆ ಅಹಿತವಾಗುವುದೂ ಅದರಿಂದಲೇ; ಮೈಯು ಅದರೊಳಗೆ ಹುದುಗಿದಷ್ಟೂ ಗಾಳಿಗೆ ತೆರೆದ ಚರ್ಮವು ಕಡಮೆಯಾಗುತ್ತದೆ.

ಈಗ ಹೈಬ್ರಿಡ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಹಾಸಿಗೆಯು ಸ್ಪ್ರಿಂಗಿನ ಮೇಲೆ ಫೋಮನ್ನೋ ರಬ್ಬರಿನ ಲೇಟೆಕ್ಸನ್ನೋ ಹೊದಿಸಿದ ಕೂಡುರಚನೆ. ಪ್ರತಿಯೊಂದು ಸ್ಪ್ರಿಂಗೂ ಬಟ್ಟೆಯ ಪ್ರತ್ಯೇಕ ಚೀಲದೊಳಗಿರುವುದರಿಂದ ಒಬ್ಬರು ಮಗ್ಗುಲಾದರೆ ಮತ್ತೊಬ್ಬರಿಗೆ ಎಚ್ಚರವಾಗುವುದಿಲ್ಲ. ಸ್ಪ್ರಿಂಗುಗಳ ನಡುವೆ ಬಯಲಿರುವುದರಿಂದ ಮಗ್ಗುಲಾದಾಗಲೆಲ್ಲ ಒಳಗಿನ ಗಾಳಿಯು ಅತ್ತಿತ್ತ ಸರಿಯುತ್ತದೆ. ಸೆಕೆಯ ಊರಿಗೆ ಈ ರಚನೆಯು ಯುಕ್ತವಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಸ್ಪ್ರಿಂಗುಗಳ ಮೇಲೆ ಮೂರು ಅಂಗುಲ ಮೆಮೊರಿ ಫೋಮನ್ನು ಹೊದಿಸಿದ ಹಾಸಿಗೆಗೂ ಹೈಬ್ರಿಡ್ ಎಂದೇ ಹೆಸರು, ಎರಡು ಅಂಗುಲ ಲೇಟೆಕ್ಸನ್ನು ಹೊದಿಸಿದುದಕ್ಕೂ ಅದೇ ಹೆಸರು. ಕೆಳಗಿನ ಗಾಳಿಯು ಮೇಲಿನ ಮೂರಂಗುಲವನ್ನು ದಾಟಿ ಬೆನ್ನನ್ನು ಮುಟ್ಟದಿದ್ದರೆ ಸ್ಪ್ರಿಂಗಿಗಾಗಿ ತೆತ್ತ ಹಣವು ಸೆಕೆಯ ಮಟ್ಟಿಗೆ ವ್ಯರ್ಥ. ಲೇಟೆಕ್ಸಿಗೆ ಸಹಜವಾಗಿಯೇ ತೆರೆದ ರಂಧ್ರಗಳಿವೆ, ಅಚ್ಚಿನಲ್ಲಿ ಮೂಡಿದ ತೂತುಗಳೂ ಇವೆ, ಮೈಯನ್ನು ಒಳಗೆಳೆದುಕೊಳ್ಳದೆ ಮೇಲೆತ್ತಿ ಹಿಡಿಯುವ ಗುಣವೂ ಇದೆ. ರಬ್ಬರಿನ ಹಾಲನ್ನು ನೊರೆಬರಿಸಿ ಹೆಪ್ಪುಗಟ್ಟಿಸುವ ಡನ್‌ಲಪ್ ವಿಧಾನವು 1929ರಿಂದ ಬಳಕೆಯಲ್ಲಿರುವುದು. ನಮಗೆ ನೆರೆಯ ಕೇರಳದಲ್ಲಿಯೇ ಅದರ ಮೂಲವಸ್ತು ಬೆಳೆಯುತ್ತದೆ. ಹೊದಿಕೆಗೆ ಜಿಪ್ ಇದ್ದಲ್ಲಿ ಅದನ್ನು ತೆರೆದು ಪದರಗಳನ್ನು ಕಣ್ಣಾರೆ ನೋಡತಕ್ಕದ್ದು. ನಾವು ಹಾಗೆ ನೋಡಿದಾಗ, ಲೇಟೆಕ್ಸ್ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದ ಒಂದು ಹಾಸಿಗೆಯಲ್ಲಿ ಆ ಪದರವು ಅರ್ಧ ಅಂಗುಲಕ್ಕಿಂತ ಹೆಚ್ಚಿರಲಿಲ್ಲ.

ಇಷ್ಟು ತಿಳಿದುಕೊಂಡು ಮನೆಗೆ ಬಂದು, ಹಾಸಿಗೆಗಿಂತ ಅಗ್ಗವಾದ ವಸ್ತುಗಳ ಕಡೆಗೆ ಮೊದಲು ದೃಷ್ಟಿ ಹರಿಸಿದೆವು. ಹಳೆಯ ಹಾಸಿಗೆಯ ಮೇಲೆ ನೀರು ತಾಗದಿರಲೆಂದು ತೊಡಿಸಿದ್ದ ಪ್ಲಾಸ್ಟಿಕ್ಕಿನ ಅಸ್ತರಿಯ ಹೊದಿಕೆಯನ್ನು ತೆಗೆದೆವು. ಆ ತೆಳುವಾದ ಪೊರೆಯು ಯಾವ ಉತ್ತಮ ಹಾಸಿಗೆಯ ಗಾಳಿಯಾಟವನ್ನೂ ನಿಲ್ಲಿಸಬಲ್ಲುದು. ಪಾಲಿಯೆಸ್ಟರ್ ಮೇಲುಹಾಸಿನ ಬದಲು ನಮ್ಮ ಈರೋಡು ಜಿಲ್ಲೆಯ ಚೆನ್ನಿಮಲೈ ನೇಕಾರರ ಹತ್ತಿಯ ಮೇಲುಹಾಸನ್ನು ತಂದೆವು. ಹಾಸಿಗೆಯ ಬೆಲೆಯೆದುರು ಅದರ ಬೆಲೆ ಲೆಕ್ಕಕ್ಕೇ ಬಾರದು, ಬೆವರನ್ನು ಹೀರಿ ಆರಲು ಬಿಡುವುದರಲ್ಲಿ ಅದಕ್ಕೆ ಸಮನಾದುದನ್ನು ನಾನು ಕಂಡಿಲ್ಲ. ಕೈಮಗ್ಗದ ಊರುಗಳ ಮಗ್ಗುಲಲ್ಲಿಯೇ ಇದ್ದುಕೊಂಡು ಮೈಗೆ ಪಾಲಿಯೆಸ್ಟರನ್ನು ತಾಗಿಸಿ ಮಲಗುವ ನಮ್ಮ ಈಚಿನ ಅಭ್ಯಾಸವನ್ನು ಕಂಡರೆ ನನಗೆ ನಿಜವಾಗಿಯೂ ದುಃಖವಾಗುತ್ತದೆ. ಮಂಚವು ಒಳಗೆ ಸಾಮಾನು ತುಂಬುವ ಪೆಟ್ಟಿಗೆಯ ಮಾದರಿಯದು, ಮೇಲೆ ಇಡಿಯ ಪ್ಲೈವುಡ್ ಹಲಗೆ. ಆಚಾರಿಯನ್ನು ಕರೆಸಿ ಹಲಗೆಯನ್ನು ತೆಗೆಸಿ, ನಡುನಡುವೆ ಸಂದು ಬಿಟ್ಟು ಪಟ್ಟಿಗಳನ್ನು ಹೊಡೆಸಿದೆವು. ಬಾಡಿಗೆ ಮನೆಯ ಮಾಲೀಕರನ್ನು ಒಪ್ಪಿಸಿ ತಾರಸಿಗೆ ಸುಣ್ಣ ಬಳಿಸಿದೆವು. 75 ವಾಟ್‌ನ ಹಳೆಯ ಫ್ಯಾನಿನ ಬದಲು ಬಿಎಲ್‌ಡಿಸಿ ಎಂಬ ಹೊಸ ಮಾದರಿಯ 30 ವಾಟ್‌ನ ಫ್ಯಾನನ್ನು ಹಾಕಿಸಿದೆವು; ರಾತ್ರಿಗೆ ಎಂಟು ಗಂಟೆಯಂತೆ ಎರಡು ತಿಂಗಳಿಗೆ ಮೊದಲಿನದು 36 ಯೂನಿಟ್ ತಿನ್ನುವಲ್ಲಿ ಇದು 14 ಯೂನಿಟ್ಟಿನಲ್ಲಿ ಮುಗಿಸುತ್ತದೆ, ಮತ್ತು ತಮಿಳುನಾಡಿನಲ್ಲಿ ಎರಡು ತಿಂಗಳ ಬಿಲ್ಲಿನಲ್ಲಿ ಗೃಹಬಳಕೆಯ ಒಂದು ಮಿತಿಯವರೆಗಿನ ಯೂನಿಟ್ಟು ಉಚಿತವಾಗಿರುವಾಗ ಆ ಮಿತಿಯೊಳಗೆ ಉಳಿಯಬಯಸುವ ಬಡ ಸಂಸಾರಕ್ಕೆ ಈ ಉಳಿತಾಯವು ಸಾಮಾನ್ಯವಾದುದಲ್ಲ. ಇಷ್ಟರಿಂದಲೇ ಅರ್ಧಕ್ಕಿಂತ ಹೆಚ್ಚು ಉಪಶಮನವಾಯಿತೆಂದು ಮನೆಯವರು ಹೇಳಿದರು. ಬಹು ಮಂದಿಗೆ ಖರ್ಚು ಇಲ್ಲಿಗೇ ನಿಲ್ಲಬಹುದು, ನಿಲ್ಲುವುದಾದರೆ ನಿಲ್ಲಿಸಲೂ ಬೇಕು.

ಮನೆಯವರಿಗೆ ಅಷ್ಟು ಸಾಲಲಿಲ್ಲ; ಹಳೆಯ ಹಾಸಿಗೆಯೂ ನಡುವೆ ತಗ್ಗುಬಿದ್ದಿತ್ತು. ಹತ್ತಿಯ ಹೊದಿಕೆ, ಎರಡು ಅಂಗುಲ ಲೇಟೆಕ್ಸು, ಕೆಳಗೆ ಚೀಲದ ಸ್ಪ್ರಿಂಗು ಇರುವ ಹಾಸಿಗೆಗೆ ಸುಮಾರು 28,000 ರೂಪಾಯಿ ತೆತ್ತೆವು. ಎಂಟು ವರ್ಷ ಬಾಳಿಕೆ ಬಂದರೆ ವರ್ಷಕ್ಕೆ 3,500, ರಾತ್ರಿಯೊಂದಕ್ಕೆ ಹತ್ತು ರೂಪಾಯಿಗಿಂತ ಕಡಮೆ. ಬೆಳಗಾಗುತ್ತಲೇ ಮನೆಗೆಲಸಕ್ಕೆ ಏಳಬೇಕಾದ ಹೆಂಗಸಿನ ನಿದ್ರೆಗೆ ಈ ಮೊತ್ತವು ಅಧಿಕವೆಂದು ನಾನು ಎಣಿಸಲಾರೆನು. ಮನೆಯ ಗಂಡಸರು ಮೋಟರ್‌ಸೈಕಲ್ಲಿಗೆ ಎಣಿಸದೆ ತೆರುವ ಹಣವನ್ನು ಇಂಥದಕ್ಕೆ ಮಾತ್ರ ಎಣಿಸಿ ಎಣಿಸಿ ತೆರುವುದು ನನಗೆ ನ್ಯಾಯವೆಂದು ತೋರುವುದಿಲ್ಲ. ಹಣವನ್ನು ತಿಂಗಳು ತಿಂಗಳು ಕೂಡಿಟ್ಟು ಒಂದೇ ಗಂಟಿನಲ್ಲಿ ಕೊಟ್ಟೆವು. ಬಡ್ಡಿಯಿಲ್ಲದ ಕಂತೆಂದು ಅಂಗಡಿಯವರು ಒಡ್ಡುವ ಸೌಕರ್ಯದಲ್ಲಿ ಬಡ್ಡಿಯು ಸಂಸ್ಕರಣಾ ಶುಲ್ಕದ ರೂಪದಲ್ಲಿಯೋ ಬಿಟ್ಟುಕೊಟ್ಟ ರಿಯಾಯಿತಿಯ ರೂಪದಲ್ಲಿಯೋ ಅಡಗಿರುತ್ತದೆ. ಶೂನ್ಯ ಬಡ್ಡಿಯೆಂಬುದು ವಾಸ್ತವವಾಗಿ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ರೊಕ್ಕ ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಕೇಳಿದಾಗ ಆ ಅಡಗಿದ ಮೊತ್ತವು ತಾನಾಗಿಯೇ ಹೊರಗೆ ಬರುತ್ತದೆ.

ಕೊಳ್ಳುವ ಕಾಲದ ವಿಚಾರವಾಗಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ಮಾತೊಂದಿದೆ. ದೊಡ್ಡ ರಿಯಾಯಿತಿಗಳು ಬರುವುದು ದೀಪಾವಳಿಯ ಆಸುಪಾಸಿನಲ್ಲಿ. ಆಗ ನಮ್ಮಲ್ಲಿ ಹಿಂಗಾರು ಮಳೆ, ಅದರ ಬೆನ್ನಿಗೆ ಚಳಿ. ನೂರು ರಾತ್ರಿಗಳವರೆಗೆ ಪರೀಕ್ಷಿಸಿ ಹಿಂದಿರುಗಿಸಬಹುದೆಂಬ ಕರಾರಿನ ಮೇಲೆ ಆಗ ಕೊಂಡ ಹಾಸಿಗೆಯ ಅವಧಿಯು ಫೆಬ್ರವರಿಯ ವೇಳೆಗೆ ಮುಗಿದುಹೋಗುತ್ತದೆ, ಯಾವ ಸೆಕೆಗಾಗಿ ಅದನ್ನು ಕೊಂಡೆವೋ ಆ ಸೆಕೆಯು ಆಮೇಲೆ ಬರುತ್ತದೆ. ಹಬ್ಬದ ರಿಯಾಯಿತಿಯನ್ನು ಬಿಟ್ಟು ಫೆಬ್ರವರಿಯ ಕೊನೆಯಲ್ಲಿ ಕೊಂಡವನಿಗೆ ಮಾರ್ಚಿ, ಏಪ್ರಿಲ್, ಮೇ ಮೂರೂ ಪರೀಕ್ಷೆಯ ತಿಂಗಳುಗಳಾಗಿ ಒದಗುತ್ತವೆ. ನಾವು ಹಾಗೆಯೇ ಮಾಡಿದೆವು. ಹಿಂದಿರುಗಿಸುವ ಪ್ರಸಂಗ ಬಂದರೆ ಒಯ್ಯಲು ವಾಹನ ಯಾರು ಕಳುಹುವರು, ಸಾಗಣೆಯ ವೆಚ್ಚ ಯಾರದು ಎಂಬುದನ್ನೂ ಮೊದಲೇ ಕೇಳಬೇಕು. ದಿಂಬಂ, ಆಸನೂರು, ತಾಳವಾಡಿಯ ಕಡೆಯವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಹುಲಿ ಸಂರಕ್ಷಿತಾರಣ್ಯದ ನಡುವೆ ಹಾಯುವ ನಮ್ಮ ಘಟ್ಟದ ದಾರಿಯಲ್ಲಿ 2022ರ ಫೆಬ್ರವರಿಯಿಂದ ಉಚ್ಚ ನ್ಯಾಯಾಲಯದ ಆದೇಶದಂತೆ ರಾತ್ರಿಯ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಬಯಲಿನ ಅಂಗಡಿಯವನು ಒಂದು ಹಾಸಿಗೆಗಾಗಿ ವಾಹನವನ್ನು ಮೇಲೇರಿಸಲು ಹಿಂಜರಿಯುವುದು ಸಹಜ.

ವಾರಂಟಿಯ ಪತ್ರವನ್ನು ಅಂಗಡಿಯಲ್ಲಿಯೇ ಕುಳಿತು ಕೊನೆಯವರೆಗೂ ಓದಿದೆನು. ಹತ್ತು ವರ್ಷವೆಂದು ಮೇಲೆ ಬರೆದಿರುತ್ತದೆ. ಇಂತಿಷ್ಟು ಆಳಕ್ಕಿಂತ ಹೆಚ್ಚು ತಗ್ಗುಬಿದ್ದರೆ ಮಾತ್ರ ಅನ್ವಯವೆಂದೂ, ಕಲೆಯಾಗಿದ್ದರೆ ಅನ್ವಯಿಸದೆಂದೂ ಕೆಳಗೆ ಬರೆದಿರುತ್ತದೆ. ತಂಪು ಉಳಿಯುವುದೆಂಬ ಭರವಸೆಯನ್ನು ನಾನು ಓದಿದ ಯಾವ ಪತ್ರದಲ್ಲಿಯೂ ಕಾಣಲಿಲ್ಲ. ಯಾವ ಗುಣಕ್ಕಾಗಿ ಹೆಚ್ಚಿನ ಬೆಲೆಯನ್ನು ಕೇಳುತ್ತಾರೋ ಆ ಗುಣಕ್ಕೆ ಹೊಣೆ ಹೊರುವವರಿಲ್ಲ. ಆದುದರಿಂದ ಅಳೆಯಲು ಬರುವುದನ್ನಾದರೂ ಬರೆಸಿಕೊಳ್ಳೋಣವೆಂದು, ಲೇಟೆಕ್ಸಿನ ಪದರ ಎಷ್ಟು ಅಂಗುಲ, ಅದು ಸಹಜ ರಬ್ಬರೋ ಮಿಶ್ರಣವೋ, ಹೊದಿಕೆಯಲ್ಲಿ ಹತ್ತಿಯ ಪಾಲೆಷ್ಟು, ಹಿಂದಿರುಗಿಸುವ ಕೊನೆಯ ದಿನ ಯಾವುದು, ಇವಿಷ್ಟನ್ನೂ ಬಿಲ್ಲಿನ ಮೇಲೆ ಬರೆದು ಮೊಹರು ಒತ್ತಿಕೊಡಬೇಕೆಂದು ಕೇಳಿದೆವು. ಬಿಲ್ಲಿನಲ್ಲಿ ಬರೆದುದಕ್ಕೂ ಒಳಗಿರುವುದಕ್ಕೂ ವ್ಯತ್ಯಾಸ ಕಂಡುಬಂದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರಲು ಆಧಾರವಿರುತ್ತದೆ. ಬಾಯಿಮಾತಿಗೆ ಅಂಥ ಆಧಾರವಿಲ್ಲ. ಮೊದಲ ಅಂಗಡಿಯವರು ಹಾಗೆ ಬರೆದುಕೊಡುವ ಪದ್ಧತಿಯಿಲ್ಲವೆಂದರು. ಅಲ್ಲಿಂದ ಎದ್ದು ಬಂದೆವು. ಅದೇ ಬೀದಿಯ ಇನ್ನೊಂದು ಅಂಗಡಿಯವರು ಬರೆದುಕೊಟ್ಟರು, ಅವರಲ್ಲಿಯೇ ಕೊಂಡೆವು.