ಹೃದಯಕ್ಕೂ ಬೇಕು ಆಟದ ಪೀರಿಯಡ್

ಗೆಳೆಯರೇ, ನಮ್ಮ ಹೃದಯ ಎಷ್ಟು ದೊಡ್ಡದು ಗೊತ್ತೆ? ಮುಷ್ಟಿ ಹಿಡಿದು ನೋಡಿ, ಹೆಚ್ಚುಕಡಿಮೆ ಅಷ್ಟೇ! ಅದು ಮಾಂಸಖಂಡದ ಪಂಪು. ದಿನಾ ಆಡಿದರೆ ಬಲವಾಗಿ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ.

ಕೊಬ್ಬು ಕೆಟ್ಟದ್ದಲ್ಲ. ಅದು ಮೈಯನ್ನು ಬೆಚ್ಚಗಿಡುತ್ತದೆ, ಶಕ್ತಿಯನ್ನು ಕೂಡಿಡುತ್ತದೆ. ಆದರೆ ತಿನ್ನುವುದು ಹೆಚ್ಚಾಗಿ ಆಟ ಕಡಿಮೆಯಾದರೆ ಅದು ಅತಿಯಾಗುತ್ತದೆ. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಸೇರುವುದು ಚಿಕ್ಕಂದಿನಲ್ಲೇ ಶುರುವಾಗಬಹುದು. "ನಾನು ಸಣಕಲು, ನನಗೇನೂ ಆಗಲ್ಲ" ಅನ್ನಬೇಡಿ. ಸಣ್ಣಗಿದ್ದವರ ಹೃದಯಕ್ಕೂ ವ್ಯಾಯಾಮ ಬೇಕು. ದಪ್ಪಗಿದ್ದವರನ್ನು "ಡುಮ್ಮ" ಅಂತ ಅಣಕಿಸಿದರೆ ಅವರು ಆಟಕ್ಕೇ ಬರೋದಿಲ್ಲ. ಪ್ರೀತಿಯಿಂದ ಕರೆಯಿರಿ.

ಮಾಡಿ ನೋಡಿ: ಸುಮ್ಮನೆ ಕುಳಿತು ಮಣಿಕಟ್ಟಿನ ನಾಡಿ 30 ಸೆಕೆಂಡು ಎಣಿಸಿ, 2ರಿಂದ ಗುಣಿಸಿ. ಮೈದಾನ ಒಂದು ಸುತ್ತು ಓಡಿ ಬಂದು ಮತ್ತೆ ಎಣಿಸಿ. ದಿನಾ ಆಡುವವರ ನಾಡಿ ಸಾಮಾನ್ಯವಾಗಿ ಬೇಗ ಮೊದಲಿನಂತಾಗುತ್ತದೆ.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಖೋಖೋ, ಕಬಡ್ಡಿ, ಕುಂಟೆಬಿಲ್ಲೆ ಯಾವುದಾದರೂ ಸರಿ. ಅಕ್ಕಂದಿರೇ, ದೊಡ್ಡವರಾದೆವು ಅಂತ ಆಟ ಬಿಡಬೇಡಿ. ಹೃದಯಕ್ಕೆ ಹುಡುಗ ಹುಡುಗಿ ಎಂಬ ಭೇದವಿಲ್ಲ!