ಆಕಾಶದ ಆಟಕ್ಕೆ ನೆಲದ ಕಾವಲು

ಹಿಂದೂಪುರದಲ್ಲಿ ಬೆಂಗಳೂರಿನ ರೈಲು ಹತ್ತಿದರೆ ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿ ಯಲಹಂಕ. ಏರೋ ಇಂಡಿಯಾ ವೈಮಾನಿಕ ಪ್ರದರ್ಶನ 1996ರಿಂದ ನಡೆಯುತ್ತಿರುವುದು ಅಲ್ಲಿನ ವಾಯುಪಡೆ ನೆಲೆಯಲ್ಲಿ. ಮೊದಲ ಸಲ ಹೋದವರ ಕಣ್ಣು ಮೇಲೆಯೇ ನೆಟ್ಟಿರುತ್ತದೆ. ಇರಲಿ, ಹೋಗುವುದೇ ಅದಕ್ಕೆ. ಆದರೆ ಆ ಹಾರಾಟ ಕಾಯುವವರಲ್ಲಿ ಹೆಚ್ಚಿನವರು ಕೆಳಗಿದ್ದಾರೆ.

ಹದ್ದಿನಿಂದ ಶುರು ಮಾಡೋಣ. ಒಂದು ಕಿಲೋ ಮೀರದ ಹಕ್ಕಿ ಯುದ್ಧವಿಮಾನದ ಎಂಜಿನ್ ಕೆಡಿಸಬಲ್ಲದು, ಏಕೆಂದರೆ ಪೆಟ್ಟಿಗೆ ಬಲ ಬರುವುದು ವಿಮಾನದ ವೇಗದಿಂದ. ಹದ್ದು ಬರುವುದು ಮಾಂಸದ ತ್ಯಾಜ್ಯ ಹುಡುಕಿ. ಅದಕ್ಕೇ 2025ರಲ್ಲಿ ಬೆಂಗಳೂರಿನ ಪಾಲಿಕೆ ಬಿಬಿಎಂಪಿ ನೆಲೆಯ ಸುತ್ತ 13 ಕಿ.ಮೀ. ಒಳಗೆ ಜನವರಿ 23ರಿಂದ ಫೆಬ್ರುವರಿ 17ರವರೆಗೆ ಮಾಂಸ ಮಾರಾಟ ನಿಲ್ಲಿಸಿತು. ಪ್ರದರ್ಶನ ಐದೇ ದಿನ. ಅಂಗಡಿಯವರ ವ್ಯಾಪಾರಕ್ಕೆ ಕಲ್ಲು ಬಿದ್ದದ್ದು ಮೂರು ವಾರಕ್ಕೂ ಹೆಚ್ಚು. ಕಾವಲಿನವರ ಪಟ್ಟಿಯಲ್ಲಿ ಈ ಅಂಗಡಿಯವರನ್ನೂ ಸೇರಿಸಬೇಕೆಂದೇ ನನ್ನ ಅಭಿಪ್ರಾಯ.

ಇನ್ನು ಹುಲ್ಲು. 2019ರ ಫೆಬ್ರುವರಿ 23ರಂದು ಪ್ರದರ್ಶನದ ವಾಹನ ನಿಲುಗಡೆ ಬಯಲಿನಲ್ಲಿ ಬೆಂಕಿ ಎದ್ದು, ಒಣಹುಲ್ಲು ಮತ್ತು ಗಾಳಿಯ ನೆರವಿನಿಂದ ಸುಮಾರು 300 ಕಾರುಗಳನ್ನು ಸುಟ್ಟಿತು. ನೀರು ಹಾಯಿಸಿದ್ದಷ್ಟೇ ಸಾಲಲಿಲ್ಲ. ಪಕ್ಕದ ಕಾರುಗಳನ್ನು ಸರಿಸಿ, ನಡುವೆ ಖಾಲಿ ಜಾಗ ಮಾಡಿ ಬೆಂಕಿಯ ದಾರಿ ತಪ್ಪಿಸಿದರು. ಯಾರೂ ಸಾಯಲಿಲ್ಲ.

ಆಕಾಶದ ಅಪಾಯ ಇಲ್ಲವೆಂದಲ್ಲ. ಆ ಬೆಂಕಿಗೆ ನಾಲ್ಕು ದಿನ ಮೊದಲು ತಾಲೀಮಿನಲ್ಲಿ ವಾಯುಪಡೆಯ ಸೂರ್ಯಕಿರಣ ಕಸರತ್ತು ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ಪೈಲಟ್ ಒಬ್ಬರು ತೀರಿಕೊಂಡರು. 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಡಿಕ್ಕಿಯಾದ ವಿಮಾನ ಪ್ರೇಕ್ಷಕರ ಮೇಲೆರಗಿ, ಪೈಲಟ್‌ಗಳೂ ಸೇರಿ 70 ಮಂದಿ ಸತ್ತರು. ಜನರ ಸಾಲಿನಿಂದ ಕಸರತ್ತು ದೂರವಿರಬೇಕೆಂಬ ನಿಯಮ ಬಿಗಿಯಾದದ್ದು ಇಂಥ ದುರಂತಗಳಿಂದ. ಯಲಹಂಕದ ಪ್ರದರ್ಶನದ ವೇಳೆ ಹತ್ತಿರದ ಕೆಂಪೇಗೌಡ ನಿಲ್ದಾಣದ ವಿಮಾನ ಸಂಚಾರವನ್ನೂ ತಡೆಯುತ್ತಾರೆ.

ನೀರು, ನೆರಳಿನ ಹೊಣೆ ಹೊತ್ತವರನ್ನು ಮರೆಯುವಂತಿಲ್ಲ. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಕಡಲತೀರದಲ್ಲಿ ನಡೆದ ವೈಮಾನಿಕ ಪ್ರದರ್ಶನದಲ್ಲಿ ವಿಮಾನಗಳಿಗೆ ಏನೂ ಆಗಲಿಲ್ಲ. ಬಿಸಿಲು, ನೂಕುನುಗ್ಗಲಿನ ನಡುವೆ ನೋಡಲು ಬಂದ ಐವರು ಸತ್ತರು.

ಹಾಗಾಗಿ ಹೋದೊಡನೆ ಕುಡಿಯುವ ನೀರು ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಬುತ್ತಿಯಲ್ಲಿ ಉಳಿದದ್ದನ್ನು ಬಯಲಿಗೆ ಚೆಲ್ಲಬೇಡಿ. ಬೀಡಿ, ಸಿಗರೇಟು ಮನೆಯಲ್ಲೇ ಇರಲಿ.